ಇಂಡಿಯನ್ ಸ್ಪಿಟ್ಜ್

ಇಂಡಿಯನ್ ಸ್ಪಿಟ್ಜ್ ಭಾರತದಲ್ಲಿ ರೂಪುಗೊಂಡ ಪುಟ್ಟ ಗಾತ್ರದ ಸಾಕುನಾಯಿಯ ತಳಿ. ದಟ್ಟವಾದ ಬಿಳಿ ರೋಮ, ನರಿಯ ಮುಖವನ್ನು ಹೋಲುವ ಚೂಪಾದ ಮೂತಿ, ನೆಟ್ಟಗೆ ನಿಂತ ಸಣ್ಣ ಕಿವಿಗಳು ಹಾಗೂ ಬೆನ್ನಿನ ಮೇಲೆ ಸುರುಳಿಯಾಗಿ ಮಡಚಿಕೊಂಡ ಬಾಲ ಇದರ ಮುಖ್ಯ ಲಕ್ಷಣಗಳು. ಕರ್ನಾಟಕದ ಊರುಗಳಲ್ಲಿ ಜನರು ‘ಪಮೇರಿಯನ್’ ಎಂದು ಕರೆದು ಸಾಕುತ್ತಿರುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ವಾಸ್ತವವಾಗಿ ಇಂಡಿಯನ್ ಸ್ಪಿಟ್ಜ್ ತಳಿಗೆ ಸೇರಿದವು. ಈ ಎರಡು ತಳಿಗಳು ಒಂದೇ ಮೂಲದಿಂದ ಬಂದಿದ್ದರೂ ಗಾತ್ರ, ಮುಖದ ರಚನೆ ಮತ್ತು ಆರೋಗ್ಯದ ಕೆಲವು ಅಂಶಗಳಲ್ಲಿ ಭಿನ್ನವಾಗಿವೆ.

ಸ್ಪಿಟ್ಜ್ ಕುಲದ ನಾಯಿಗಳು ಮೂಲತಃ ಶೀತಪ್ರದೇಶದವು. ಆದುದರಿಂದ ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವ ಯಾದಗಿರಿ, ಶಹಾಪುರ, ಸುರಪುರದಂತಹ ಊರುಗಳಲ್ಲಿ ಇವುಗಳ ಪಾಲನೆಗೆ ವಿಶೇಷ ಎಚ್ಚರ ಬೇಕಾಗುತ್ತದೆ. ಈ ಲೇಖನವು ತಳಿಯ ಇತಿಹಾಸ, ಸ್ವಭಾವ ಮತ್ತು ಆರೋಗ್ಯವನ್ನು ಕುರಿತು ವಿವರಿಸುವುದರ ಜೊತೆಗೆ ಬಿಸಿಲುನಾಡಿನಲ್ಲಿ ಇದನ್ನು ಸಾಕುವ ಕ್ರಮವನ್ನೂ ತಿಳಿಸುತ್ತದೆ.

ಹೆಸರು

‘ಸ್ಪಿಟ್ಜ್’ ಜರ್ಮನ್ ಭಾಷೆಯ ಪದ. ಇದಕ್ಕೆ ಚೂಪಾದುದು, ಮೊನಚಾದುದು ಎಂಬ ಅರ್ಥವಿದೆ. ಮೂತಿ ಮತ್ತು ಕಿವಿಗಳ ಆಕಾರದಿಂದ ಈ ಕುಲದ ನಾಯಿಗಳಿಗೆ ಆ ಹೆಸರು ಬಂದಿದೆ. ಸೈಬೀರಿಯದ ಸ್ಯಾಮೊಯೆಡ್, ಜಪಾನಿನ ಸ್ಪಿಟ್ಜ್, ಜರ್ಮನಿಯ ಸ್ಪಿಟ್ಜ್ ಮೊದಲಾದವು ಇದೇ ಕುಲಕ್ಕೆ ಸೇರಿವೆ.

‘ಪಮೇರಿಯನ್’ ಎಂಬುದು ಪೊಮೆರೇನಿಯ ಎಂಬ ಪ್ರದೇಶದ ಹೆಸರಿನಿಂದ ಹುಟ್ಟಿದ ಪದ. ಬಾಲ್ಟಿಕ್ ಸಮುದ್ರದ ದಕ್ಷಿಣ ತೀರದಲ್ಲಿರುವ ಈ ಪ್ರದೇಶವು ಇಂದು ಪೋಲೆಂಡ್ ಮತ್ತು ಜರ್ಮನಿ ದೇಶಗಳಲ್ಲಿ ಹಂಚಿಹೋಗಿದೆ. ಕನ್ನಡದಲ್ಲಿ ಪೊಮೇರಿಯನ್, ಪಾಮೇರಿಯನ್, ಪಮೇರಿಯನ್ ಎಂಬ ರೂಪಗಳು ಬಳಕೆಯಲ್ಲಿವೆ. ಆಡುಮಾತಿನಲ್ಲಿ ‘ಪಾಮ್’ ಎಂದು ಚಿಕ್ಕದಾಗಿಯೂ ಹೇಳುವುದುಂಟು.

ಇತಿಹಾಸ

ಯುರೋಪಿನಲ್ಲಿ

ಪಮೇರಿಯನ್ ನಾಯಿಯ ಪೂರ್ವಜರು ಇಂದಿನಷ್ಟು ಪುಟ್ಟ ನಾಯಿಗಳಾಗಿರಲಿಲ್ಲ. ಮಧ್ಯ ಯುರೋಪಿನ ರೈತರ ಮನೆಗಳಲ್ಲಿ ಕಾವಲಿಗೆಂದು ಸಾಕುತ್ತಿದ್ದ ಸ್ಪಿಟ್ಜ್ ನಾಯಿಗಳೇ ಇದರ ಮೂಲ. ಇಂಗ್ಲೆಂಡಿನ ದೊರೆ 3ನೆಯ ಜಾರ್ಜ್‌ನ ಪತ್ನಿ ಷಾರ್ಲೆಟ್ ರಾಣಿಯು ಜರ್ಮನಿಯವಳು. ಅವಳು 1767ರಲ್ಲಿ ಫೀಬಿ ಮತ್ತು ಮರ್ಕ್ಯುರಿ ಎಂಬ ಎರಡು ನಾಯಿಗಳನ್ನು ಇಂಗ್ಲೆಂಡಿಗೆ ತರಿಸಿಕೊಂಡಳು. ಆ ಕಾಲದ ಪ್ರಸಿದ್ಧ ಚಿತ್ರಕಾರ ಥಾಮಸ್ ಗೇನ್ಸ್‌ಬರೊ ಬರೆದ ವರ್ಣಚಿತ್ರಗಳಲ್ಲಿ ಈ ಬಗೆಯ ನಾಯಿಗಳನ್ನು ಕಾಣಬಹುದು. ಆ ಚಿತ್ರಗಳಲ್ಲಿರುವ ನಾಯಿಗಳು ಇಂದಿನ ಪಮೇರಿಯನ್‌ಗಿಂತ ಬಹಳ ದೊಡ್ಡವು.

ಷಾರ್ಲೆಟ್ ರಾಣಿಯ ಮೊಮ್ಮಗಳಾದ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಈ ನಾಯಿಯು ಕಿರಿದಾಯಿತು. ರಾಣಿಯು 1888ರಲ್ಲಿ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿದ್ದಾಗ ಅಲ್ಲಿಂದ ಸಣ್ಣ ಗಾತ್ರದ ನಾಯಿಗಳನ್ನು ತಂದಳು. ಅವುಗಳಲ್ಲಿ ಮಾರ್ಕೊ ಎಂಬುದು ಹೆಸರುವಾಸಿಯಾಯಿತು. ಅರಮನೆಯಲ್ಲಿ ಸಣ್ಣ ನಾಯಿಗಳಿಗೆ ದೊರೆತ ಆದರವನ್ನು ಕಂಡು ತಳಿ ಬೆಳೆಸುವವರು ಇನ್ನೂ ಸಣ್ಣ ನಾಯಿಗಳನ್ನೇ ಆರಿಸಿ ಕೂಡಿಸತೊಡಗಿದರು. 1901ರ ಜನವರಿಯಲ್ಲಿ ರಾಣಿಯು ಮರಣಶಯ್ಯೆಯಲ್ಲಿದ್ದಾಗ ತೂರಿ ಎಂಬ ತನ್ನ ಪಮೇರಿಯನ್ ನಾಯಿಯನ್ನು ಹತ್ತಿರಕ್ಕೆ ತರಿಸಿಕೊಂಡಿದ್ದಳು. ಹೀಗೆ ರೈತನ ಅಂಗಳದ ಕಾವಲು ನಾಯಿಯು ಮಡಿಲಿನಲ್ಲಿ ಕೂರುವ ನಾಯಿಯಾಯಿತು. ಅಮೆರಿಕ ಮತ್ತು ಇಂಗ್ಲೆಂಡಿನ ಶ್ವಾನಸಂಘಗಳು ಇಂದು ಪಮೇರಿಯನ್ ಅನ್ನು ಅತಿ ಚಿಕ್ಕ ನಾಯಿಗಳ ‘ಟಾಯ್’ ಗುಂಪಿನಲ್ಲಿ ಸೇರಿಸಿವೆ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಮಾತ್ರ ಇದನ್ನು ಜರ್ಮನ್ ಸ್ಪಿಟ್ಜ್ ತಳಿಯ ಅತಿ ಸಣ್ಣ ರೂಪವೆಂದು ಪರಿಗಣಿಸುತ್ತದೆ.

ಭಾರತದಲ್ಲಿ

ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಜರ್ಮನ್ ಸ್ಪಿಟ್ಜ್ ಜಾತಿಯ ನಾಯಿಗಳು ಭಾರತಕ್ಕೆ ಬಂದವು. ಇಲ್ಲಿನ ಹವೆಗೆ ತಡೆದುಕೊಂಡು ಉಳಿದ ನಾಯಿಗಳ ಸಂತಾನವೇ ತಲೆಮಾರುಗಳ ನಂತರ ಇಂಡಿಯನ್ ಸ್ಪಿಟ್ಜ್ ಎನಿಸಿತು. 1980 ಮತ್ತು 1990ರ ದಶಕಗಳಲ್ಲಿ ಈ ತಳಿಯು ದೇಶದಾದ್ಯಂತ ಜನಪ್ರಿಯವಾಯಿತು. ಆಗ ವಿದೇಶಗಳಿಂದ ನಾಯಿಗಳನ್ನು ತರಿಸುವುದು ಕಷ್ಟಸಾಧ್ಯವೂ ದುಬಾರಿಯೂ ಆಗಿತ್ತು. ಅನ್ನ, ಹಾಲು, ರೊಟ್ಟಿ ತಿಂದು ಬೆಳೆಯುವ, ಸಣ್ಣ ಮನೆಯಲ್ಲಿಯೂ ಹೊಂದಿಕೊಳ್ಳುವ ಈ ಬಿಳಿ ನಾಯಿ ಮಧ್ಯಮವರ್ಗದ ಕುಟುಂಬಗಳಿಗೆ ಅನುಕೂಲವಾಯಿತು. 1994ರಲ್ಲಿ ತೆರೆಕಂಡ ‘ಹಮ್ ಆಪ್ಕೆ ಹೈ ಕೌನ್’ ಎಂಬ ಹಿಂದಿ ಚಲನಚಿತ್ರದಲ್ಲಿ ಟಫಿ ಎಂಬ ಹೆಸರಿನ ಇಂಡಿಯನ್ ಸ್ಪಿಟ್ಜ್ ನಾಯಿಯು ಪ್ರಮುಖ ಪಾತ್ರ ವಹಿಸಿತ್ತು. ಆ ಚಿತ್ರವು ತಳಿಯ ಹೆಸರನ್ನು ಮನೆಮನೆಗೆ ಮುಟ್ಟಿಸಿತು. 2000ದ ನಂತರ ಪಗ್, ಲ್ಯಾಬ್ರಡಾರ್ ಮುಂತಾದ ತಳಿಗಳು ಸುಲಭವಾಗಿ ದೊರೆಯತೊಡಗಿದ್ದರಿಂದ ಇದರ ಬೇಡಿಕೆ ಸ್ವಲ್ಪ ತಗ್ಗಿದೆ.

ಕನ್ನಡ ನಾಡಿನ ಇತರ ನಾಯಿಗಳು

ಕನ್ನಡ ನಾಡಿನಲ್ಲಿ ನಾಯಿಯನ್ನು ಗೌರವಿಸಿದ ಪರಂಪರೆ ಹಳೆಯದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಸುಮಾರು ಕ್ರಿ.ಶ. 950ರ ಶಾಸನವು ಇದಕ್ಕೆ ಸಾಕ್ಷಿ. ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ಗಂಗರಸ ಬೂತುಗನಿಂದ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು. ಈ ಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಉತ್ತರ ಕರ್ನಾಟಕದ ಹೆಸರಾಂತ ದೇಶಿ ತಳಿ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಮುಧೋಳ ನಾಯಿಗೂ ಸ್ಪಿಟ್ಜ್ ನಾಯಿಗೂ ಇರುವ ವ್ಯತ್ಯಾಸವು ಹವೆಯ ಪ್ರಭಾವವನ್ನು ತಿಳಿಯಲು ಒಳ್ಳೆಯ ಉದಾಹರಣೆ. ಮುಧೋಳ ನಾಯಿಯದು ತೆಳ್ಳನೆಯ ಮೈ, ಉದ್ದ ಕಾಲು, ಮೈಗಂಟಿದ ಗಿಡ್ಡ ಕೂದಲು. ದೇಹದ ಶಾಖ ಬೇಗನೆ ಹೊರಹೋಗಲು ಈ ರಚನೆ ನೆರವಾಗುತ್ತದೆ. ಸ್ಪಿಟ್ಜ್ ನಾಯಿಯದು ಗುಂಡನೆಯ ಮೈ, ಗಿಡ್ಡ ಕಾಲು, ಎರಡು ಪದರದ ರೋಮ. ಇದು ಶಾಖವನ್ನು ಒಳಗೆ ಹಿಡಿದಿಡುವ ರಚನೆ.

ದೇಹಲಕ್ಷಣಗಳು

ಇಂಡಿಯನ್ ಸ್ಪಿಟ್ಜ್ ನಾಯಿಗಳಲ್ಲಿ ಎರಡು ಗಾತ್ರಗಳನ್ನು ಗುರುತಿಸಲಾಗುತ್ತದೆ. ಸಣ್ಣ ಗಾತ್ರದ ನಾಯಿಯು ಸುಮಾರು 20ರಿಂದ 25 ಸೆಂಟಿಮೀಟರ್ ಎತ್ತರವಿದ್ದು 5ರಿಂದ 7 ಕಿಲೋಗ್ರಾಂ ತೂಗುತ್ತದೆ. ದೊಡ್ಡ ಗಾತ್ರದ್ದು 35ರಿಂದ 45 ಸೆಂಟಿಮೀಟರ್ ಎತ್ತರವಿದ್ದು 12ರಿಂದ 20 ಕಿಲೋಗ್ರಾಂ ತೂಗುತ್ತದೆ. ಬಿಳಿ ಬಣ್ಣವೇ ಹೆಚ್ಚು. ಕಂದು, ಕಪ್ಪು ಅಥವಾ ಮಿಶ್ರಬಣ್ಣದವೂ ಇವೆ.

ನಿಜವಾದ ಪಮೇರಿಯನ್ ಇದಕ್ಕಿಂತ ಬಹಳ ಸಣ್ಣದು. ಅಮೆರಿಕದ ಶ್ವಾನಸಂಘದ ಮಾನದಂಡದಂತೆ ಅದರ ತೂಕ 1.4ರಿಂದ 3.2 ಕಿಲೋಗ್ರಾಂ ಮಾತ್ರ. ಅದರ ಮುಖ ದುಂಡಗೆ, ಮೂತಿ ಗಿಡ್ಡ, ರೋಮ ಬಹಳ ದಟ್ಟ. ಇಂಡಿಯನ್ ಸ್ಪಿಟ್ಜ್ ನಾಯಿಯ ಮೂತಿ ಉದ್ದವಾಗಿಯೂ ರೋಮವು ತುಸು ವಿರಳವಾಗಿಯೂ ಇರುತ್ತದೆ. ಬೆಳೆದ ನಾಯಿಯು 5 ಕಿಲೋಗ್ರಾಂಗಿಂತ ಹೆಚ್ಚು ತೂಗಿದರೆ ಅದು ಇಂಡಿಯನ್ ಸ್ಪಿಟ್ಜ್ ಆಗಿರುವ ಸಾಧ್ಯತೆಯೇ ಹೆಚ್ಚು.

ಈ ವ್ಯತ್ಯಾಸವನ್ನು ತಿಳಿಯುವುದರಿಂದ ಎರಡು ಪ್ರಯೋಜನಗಳಿವೆ. ಮೊದಲನೆಯದಾಗಿ, ಸ್ಪಿಟ್ಜ್ ಮರಿಯನ್ನು ಪಮೇರಿಯನ್ ಬೆಲೆಗೆ ಕೊಳ್ಳುವ ಮೋಸ ತಪ್ಪುತ್ತದೆ. ಎರಡನೆಯದಾಗಿ, ಪಮೇರಿಯನ್ ಚಿಕ್ಕದಾಗಿಯೇ ಇರಬೇಕೆಂದು ತಿಳಿದು ಬೆಳೆಯುವ ಸ್ಪಿಟ್ಜ್ ಮರಿಗೆ ಆಹಾರ ಕಡಿಮೆ ಕೊಡುವ ತಪ್ಪು ನಡೆಯುವುದಿಲ್ಲ.

ಸ್ವಭಾವ

ಇಂಡಿಯನ್ ಸ್ಪಿಟ್ಜ್ ಚುರುಕಾದ, ಬುದ್ಧಿವಂತ ನಾಯಿ. ಮನೆಯವರ ಮಾತಿನ ಧಾಟಿಯನ್ನು ಬೇಗನೆ ಗ್ರಹಿಸುತ್ತದೆ. ಕುಳಿತುಕೊಳ್ಳುವುದು, ಕರೆದಾಗ ಬರುವುದು, ಮಲಮೂತ್ರಕ್ಕೆ ಹೊರಗೆ ಹೋಗುವುದು ಮೊದಲಾದವನ್ನು ಎಳವೆಯಲ್ಲಿಯೇ ಕಲಿಸಿದರೆ ಸುಲಭವಾಗಿ ಕಲಿಯುತ್ತದೆ. ಕಲಿಸುವಾಗ ಹೊಡೆತಕ್ಕಿಂತ ತಿಂಡಿ ಮತ್ತು ಮೆಚ್ಚುಗೆಯ ಮಾತು ಹೆಚ್ಚು ಫಲ ಕೊಡುತ್ತವೆ.

ಕಾವಲು ನಾಯಿಯ ರಕ್ತವು ಈ ತಳಿಯಲ್ಲಿ ಇನ್ನೂ ಉಳಿದಿದೆ. ಅಪರಿಚಿತರು ಬಾಗಿಲಿಗೆ ಬಂದರೆ, ಪಕ್ಕದ ಓಣಿಯಲ್ಲಿ ಸದ್ದಾದರೆ ಬಿಡದೆ ಬೊಗಳುತ್ತದೆ. ಒಂಟಿಯಾಗಿ ಮನೆಯಲ್ಲಿರುವ ವೃದ್ಧರಿಗೆ ಇದು ಸಹಾಯಕ. ಗೋಡೆಗೆ ಗೋಡೆ ಹೊಂದಿಕೊಂಡ ಮನೆಗಳಲ್ಲಿ ನೆರೆಯವರಿಗೆ ಕಿರಿಕಿರಿಯೂ ಆಗಬಹುದು. ಮರಿಯಾಗಿದ್ದಾಗಲೇ ಹೊಸ ಜನರನ್ನೂ ಹೊಸ ಸದ್ದುಗಳನ್ನೂ ಪರಿಚಯ ಮಾಡಿಸಿದರೆ ಬೊಗಳುವಿಕೆ ಹತೋಟಿಯಲ್ಲಿರುತ್ತದೆ.

ಮನೆಯವರನ್ನು ಅತಿಯಾಗಿ ಹಚ್ಚಿಕೊಳ್ಳುವುದರಿಂದ ದಿನವಿಡೀ ಒಂಟಿಯಾಗಿ ಬಿಟ್ಟರೆ ಊಳಿಡುವುದು, ವಸ್ತುಗಳನ್ನು ಕಡಿಯುವುದು ಮುಂತಾದ ವರ್ತನೆಗಳು ಕಾಣುತ್ತವೆ. ಮಕ್ಕಳೊಡನೆ ಹೊಂದಿಕೊಳ್ಳುತ್ತದೆಯಾದರೂ ಚಿಕ್ಕ ಮಕ್ಕಳು ಬಾಲ, ಕಿವಿ ಎಳೆದರೆ ನೋವಿನಿಂದ ಕಚ್ಚಬಹುದು. ತಿನ್ನುತ್ತಿರುವ ಅಥವಾ ಮಲಗಿರುವ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಬೇಕು. ದೀಪಾವಳಿಯ ಪಟಾಕಿ ಸದ್ದಿಗೆ ಬೆದರಿ ಮನೆಬಿಟ್ಟು ಓಡುವ ನಾಯಿಗಳೂ ಇವೆ. ಅಂತಹ ದಿನಗಳಲ್ಲಿ ಒಳಕೋಣೆಯಲ್ಲಿ, ಪರಿಚಿತರ ಜೊತೆಯಲ್ಲಿ ಇರಿಸುವುದು ಒಳ್ಳೆಯದು.

ಬಿಸಿಲುನಾಡಿನಲ್ಲಿ ಪಾಲನೆ

ಯಾದಗಿರಿ ಜಿಲ್ಲೆಯು ಕೃಷ್ಣಾ ಮತ್ತು ಭೀಮಾ ನದಿಗಳ ಬಯಲಿನಲ್ಲಿದೆ. ಇಲ್ಲಿನ ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು ಸ್ಪಿಟ್ಜ್ ನಾಯಿಗೆ ಪ್ರಾಣಾಂತಿಕವಾಗಬಲ್ಲದು. ಮನುಷ್ಯನಂತೆ ನಾಯಿಯ ಮೈ ಬೆವರುವುದಿಲ್ಲ. ಅದರ ಅಂಗಾಲುಗಳು ಮಾತ್ರ ಸ್ವಲ್ಪ ಬೆವರುತ್ತವೆ. ನಾಲಿಗೆ ಹೊರಚಾಚಿ ಏದುವುದೇ ದೇಹವನ್ನು ತಂಪಾಗಿಸಿಕೊಳ್ಳಲು ಅದಕ್ಕಿರುವ ಮುಖ್ಯ ಉಪಾಯ. ಹೊರಗಿನ ಗಾಳಿಯೇ ಕಾದಿರುವಾಗ ಈ ಉಪಾಯವೂ ಸಾಲದಾಗುತ್ತದೆ.

ಆರೋಗ್ಯವಂತ ನಾಯಿಯ ದೇಹದ ಉಷ್ಣಾಂಶ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಇದು 41 ಡಿಗ್ರಿ ಮುಟ್ಟಿದರೆ ಮಿದುಳು, ಮೂತ್ರಪಿಂಡ, ಯಕೃತ್ತುಗಳಿಗೆ ಹಾನಿಯಾಗುತ್ತದೆ. ಬಿಡದೆ ಏದುವುದು, ದಪ್ಪನೆಯ ಜೊಲ್ಲು, ಕಡುಗೆಂಪಾದ ಒಸಡು, ತೂರಾಡುವ ನಡಿಗೆ, ವಾಂತಿ ಇವು ಉಷ್ಣಾಘಾತದ ಚಿಹ್ನೆಗಳು. ಇವು ಕಂಡೊಡನೆ ನಾಯಿಯನ್ನು ನೆರಳಿಗೆ ಒಯ್ದು, ಮೈಮೇಲೆ ಧಾರಾಳವಾಗಿ ತಣ್ಣೀರು ಸುರಿದು, ಗಾಳಿ ಬೀಸಬೇಕು. ಮಂಜುಗಡ್ಡೆ ಹುಡುಕುತ್ತ ಸಮಯ ಕಳೆಯಬಾರದು. ಕೊಡದಲ್ಲಿರುವ ನೀರೇ ಸಾಕು. ಒದ್ದೆ ಬಟ್ಟೆಯನ್ನು ಮೈತುಂಬ ಸುತ್ತಿಡುವುದು ಸರಿಯಲ್ಲ, ಅದು ಶಾಖವನ್ನು ಒಳಗೇ ತಡೆಯುತ್ತದೆ. ಪ್ರಜ್ಞೆಯಿಲ್ಲದ ನಾಯಿಯ ಬಾಯಿಗೆ ನೀರು ಹಾಕಬಾರದು. ಮೈ ತಣ್ಣಗಾಗಲು ತೊಡಗಿದ ಮೇಲೆ ನಾಯಿಯು ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರಲ್ಲಿಗೆ ಒಯ್ಯಲೇಬೇಕು.

ಉಷ್ಣಾಘಾತವನ್ನು ತಡೆಯುವ ಕ್ರಮಗಳು ಸರಳವಾಗಿವೆ:

ಬೆಳಗ್ಗೆ ಬಿಸಿಲೇರುವ ಮುನ್ನ ಮತ್ತು ಸಂಜೆ ನೆಲ ಆರಿದ ಮೇಲೆ ಮಾತ್ರ ತಿರುಗಾಡಿಸಬೇಕು. ರಸ್ತೆಯ ಮೇಲೆ ಅಂಗೈಯನ್ನು ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯ ಅಂಗಾಲಿಗೂ ಅದು ಸುಡುತ್ತದೆ.

ತಗಡಿನ ಚಾವಣಿಯ ಕೆಳಗೆ, ಮಾಳಿಗೆಯ ಮೇಲೆ, ನಿಂತ ಕಾರಿನೊಳಗೆ ನಾಯಿಯನ್ನು ಬಿಡಬಾರದು. ಈ ಭಾಗದ ಹಳೆಯ ಮನೆಗಳ ಕಲ್ಲುಹಾಸಿನ ನೆಲವು ತಂಪಾಗಿರುವುದರಿಂದ ಮಧ್ಯಾಹ್ನ ಅಲ್ಲಿ ಮಲಗಲು ಬಿಡುವುದು ಒಳ್ಳೆಯದು.

ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಸದಾ ನೀರಿಡಬೇಕು.

ಬೇಸಿಗೆ ಬಂತೆಂದು ರೋಮವನ್ನು ಪೂರ್ತಿ ಬೋಳಿಸುವ ರೂಢಿ ಸರಿಯಲ್ಲ. ಸ್ಪಿಟ್ಜ್ ನಾಯಿಯ ಹೊರಪದರದ ಕೂದಲು ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ. ಬೋಳಿಸಿದ ಮೇಲೆ ಅದು ಮೊದಲಿನಂತೆ ಬೆಳೆಯದಿರಲೂಬಹುದು. ವಾರಕ್ಕೆ ಮೂರು ನಾಲ್ಕು ಬಾರಿ ಬಾಚಿ, ಒಳಪದರದ ಉದುರುಗೂದಲನ್ನು ತೆಗೆದರೆ ಗಾಳಿಯಾಡಲು ಅನುಕೂಲವಾಗುತ್ತದೆ. ಸ್ನಾನವು ಮೂರು ನಾಲ್ಕು ವಾರಕ್ಕೊಮ್ಮೆ ಸಾಕು.

ಆರೋಗ್ಯ

ಸರಿಯಾಗಿ ಪಾಲಿಸಿದ ಇಂಡಿಯನ್ ಸ್ಪಿಟ್ಜ್ ಸಾಮಾನ್ಯವಾಗಿ 10ರಿಂದ 14 ವರ್ಷ ಬದುಕುತ್ತದೆ. ಈ ತಳಿಯಲ್ಲಿ ಕಂಡುಬರುವ ಮುಖ್ಯ ತೊಂದರೆಗಳು ಹೀಗಿವೆ.

ಉಣ್ಣಿ ಮತ್ತು ಉಣ್ಣಿಜ್ವರ

ದಟ್ಟ ರೋಮದೊಳಗೆ ಉಣ್ಣಿಗಳು ಅಡಗಿರುವುದು ಕಣ್ಣಿಗೆ ಬೀಳುವುದಿಲ್ಲ. ಕಂದು ಉಣ್ಣಿಗಳ ಮೂಲಕ ಎರ್ಲಿಕಿಯ, ಬೆಬೀಸಿಯ ಎಂಬ ರೋಗಾಣುಗಳು ನಾಯಿಯ ರಕ್ತವನ್ನು ಸೇರುತ್ತವೆ. ಜ್ವರ, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ ಬರುವುದು ಇದರ ಲಕ್ಷಣಗಳು. ರಕ್ತಪರೀಕ್ಷೆಯಿಂದ ಗುರುತಿಸಿ ಬೇಗನೆ ಚಿಕಿತ್ಸೆ ನೀಡಿದರೆ ನಾಯಿ ಗುಣವಾಗುತ್ತದೆ, ತಡವಾದರೆ ಸಾಯಬಹುದು. ವಾರಕ್ಕೆರಡು ಬಾರಿಯಾದರೂ ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ, ಕುತ್ತಿಗೆಯ ಕೆಳಗೆ ಬೆರಳಾಡಿಸಿ ನೋಡಬೇಕು.

ಹತ್ತಿ, ತೊಗರಿ ಬೆಳೆಯುವ ಈ ಸೀಮೆಯ ಮನೆಗಳಲ್ಲಿ ಬೆಳೆಗೆ ಸಿಂಪಡಿಸುವ ಕೀಟನಾಶಕ ಕೈಗೆಟಕುವಂತೆ ಇರುತ್ತದೆ. ಅದನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಉಣ್ಣಿ ಕೊಲ್ಲಲು ನಾಯಿಯ ಮೈಗೆ ಹಚ್ಚಬಾರದು. ಚರ್ಮದ ಮೂಲಕವೂ ಮೈ ನೆಕ್ಕಿಕೊಳ್ಳುವಾಗ ಬಾಯಿಯ ಮೂಲಕವೂ ವಿಷವೇರಿ ನಾಯಿಯು ಸಾಯುತ್ತದೆ. ನಾಯಿಯ ತೂಕಕ್ಕೆ ತಕ್ಕ ಔಷಧವನ್ನು ಪಶುವೈದ್ಯರಿಂದಲೇ ಪಡೆಯಬೇಕು.

ಹಲ್ಲು, ಮಂಡಿ, ಶ್ವಾಸನಾಳ

ಸಣ್ಣ ದವಡೆಯಲ್ಲಿ ಹಲ್ಲುಗಳು ಒತ್ತಾಗಿರುವುದರಿಂದ ಕಿಟ್ಟ ಕಟ್ಟಿ ಒಸಡು ಕೊಳೆಯುತ್ತದೆ. ಹಾಲುಹಲ್ಲು ಬೀಳದೆ ಉಳಿದುಕೊಳ್ಳುವುದೂ ಉಂಟು. ಮಂಡಿಚಿಪ್ಪು ತನ್ನ ಸ್ಥಾನದಿಂದ ಜಾರುವುದು ಪುಟ್ಟ ತಳಿಗಳ ಇನ್ನೊಂದು ತೊಂದರೆ. ಓಡುತ್ತಿರುವಾಗ ಒಂದು ಹಿಂಗಾಲನ್ನು ಎತ್ತಿ ಕುಂಟಿ, ಮತ್ತೆ ಸರಿಯಾಗಿ ನಡೆಯುವುದು ಇದರ ಸೂಚನೆ. ಎತ್ತರದ ಕಟ್ಟೆ, ಮಂಚಗಳಿಂದ ಜಿಗಿಯದಂತೆ ನೋಡಿಕೊಳ್ಳಬೇಕು. ಬಾತುಕೋಳಿಯ ಕೂಗಿನಂತಹ ಒಣಕೆಮ್ಮು ಶ್ವಾಸನಾಳ ಕುಸಿಯುತ್ತಿರುವ ಲಕ್ಷಣ. ಇಂತಹ ನಾಯಿಗೆ ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಪಟ್ಟಿ ಬಳಸಬೇಕು. ಬೊಜ್ಜು ಈ ಎಲ್ಲ ತೊಂದರೆಗಳನ್ನು ಹೆಚ್ಚಿಸುತ್ತದೆ.

ಗರ್ಭಕೋಶದ ಕೀವು

ಸಂತಾನಹರಣ ಚಿಕಿತ್ಸೆ ಮಾಡಿಸದ ಹೆಣ್ಣು ನಾಯಿಗಳಲ್ಲಿ, ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದೊಳಗೆ ಕೀವು ತುಂಬಬಹುದು. ಅತಿಯಾದ ನೀರಡಿಕೆ, ಹೊಟ್ಟೆ ಉಬ್ಬರ, ದುರ್ವಾಸನೆಯ ಸ್ರಾವ ಇದರ ಚಿಹ್ನೆಗಳು. ಇದು ತುರ್ತು ಶಸ್ತ್ರಚಿಕಿತ್ಸೆ ಬೇಡುವ ಸ್ಥಿತಿ. ಮರಿ ಬೇಡವಾದಲ್ಲಿ ಮೊದಲೇ ಸಂತಾನಹರಣ ಚಿಕಿತ್ಸೆ ಮಾಡಿಸುವುದು ಸುರಕ್ಷಿತ.

ಲಸಿಕೆಗಳು ಮತ್ತು ರೇಬೀಸ್

ಮರಿಗಳಿಗೆ ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ವಿರುದ್ಧ 6ರಿಂದ 8 ವಾರಗಳ ವಯಸ್ಸಿನಲ್ಲಿ ಮೊದಲ ಲಸಿಕೆಯನ್ನೂ ನಂತರ ಮೂರು ನಾಲ್ಕು ವಾರಗಳ ಅಂತರದಲ್ಲಿ ಮುಂದಿನವನ್ನೂ ಹಾಕಿಸಬೇಕು. ರೇಬೀಸ್ ಲಸಿಕೆಯನ್ನು ಮೂರು ತಿಂಗಳು ತುಂಬಿದ ಮೇಲೆ ಹಾಕಿಸಿ, ವೈದ್ಯರು ತಿಳಿಸಿದ ಅವಧಿಗೆ ಮತ್ತೆ ಹಾಕಿಸುತ್ತಿರಬೇಕು.

ಮನೆಯೊಳಗೇ ಇರುವ ಪುಟ್ಟ ನಾಯಿಗೆ ರೇಬೀಸ್ ಬಾರದೆಂಬ ನಂಬಿಕೆ ಅಪಾಯಕಾರಿ. ಬಾಗಿಲ ಬಳಿ ಬೀದಿನಾಯಿಯ ಒಂದು ಕಡಿತವೇ ರೋಗ ಹರಡಲು ಸಾಕು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಯಾವುದೇ ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು. ಗಾಯಕ್ಕೆ ಸುಣ್ಣ, ಅರಿಸಿನ, ಖಾರದಪುಡಿ ಹಚ್ಚಬಾರದು. ಸೆಪ್ಟೆಂಬರ್ 28ರಂದು ವಿಶ್ವ ರೇಬೀಸ್ ದಿನವನ್ನು ಆಚರಿಸಲಾಗುತ್ತದೆ.

ಆಹಾರ

ಈ ಭಾಗದ ಮನೆಗಳಲ್ಲಿ ನಾಯಿಗೆ ಜೋಳದ ರೊಟ್ಟಿ, ಅನ್ನ, ಹಾಲು ಹಾಕುವುದು ರೂಢಿ. ಇವು ಹೊಟ್ಟೆ ತುಂಬಿಸಿದರೂ ಇವುಗಳಲ್ಲಿ ನಾಯಿಗೆ ಬೇಕಾದಷ್ಟು ಪ್ರೋಟೀನ್ ಇರುವುದಿಲ್ಲ. ಬೇಯಿಸಿದ ಮೊಟ್ಟೆ, ಎಲುಬಿಲ್ಲದ ಕೋಳಿಮಾಂಸ ಅಥವಾ ವೈದ್ಯರು ಸೂಚಿಸಿದ ಸಿದ್ಧ ಆಹಾರವನ್ನು ಜೊತೆಗೆ ಕೊಡಬೇಕು. ಹಾಲು ಕೆಲವು ನಾಯಿಗಳಿಗೆ ಭೇದಿಯನ್ನುಂಟುಮಾಡುತ್ತದೆ. ಅಂಥವಕ್ಕೆ ಮಜ್ಜಿಗೆಯನ್ನ ಒಗ್ಗಬಹುದು. ಬೆಳೆದ ನಾಯಿಗೆ ದಿನಕ್ಕೆ ಎರಡು ಹೊತ್ತು ಊಟ ಸಾಕು. ಬಹಳ ಎಳೆಯ ಮರಿಗಳು ಹೆಚ್ಚು ಹೊತ್ತು ಹಸಿದಿದ್ದರೆ ರಕ್ತದಲ್ಲಿನ ಸಕ್ಕರೆ ಇಳಿದು ನಡುಗಿ ಬೀಳಬಹುದಾದ್ದರಿಂದ ಅವುಗಳಿಗೆ ನಾಲ್ಕು ಬಾರಿ ಉಣಿಸಬೇಕು.

ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಮತ್ತು ಚಾಕಲೇಟ್ ನಾಯಿಗೆ ವಿಷಕಾರಿ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳು ರಕ್ತದ ಕೆಂಪುಕಣಗಳನ್ನು ನಾಶಮಾಡುತ್ತವೆ. ಆದ್ದರಿಂದ ಒಗ್ಗರಣೆ ಹಾಕಿದ ಬೇಳೆ, ಸಾರುಗಳನ್ನು ರೊಟ್ಟಿಗೆ ಕಲಸಿ ಹಾಕಬಾರದು. ಒಗ್ಗರಣೆಗೆ ಮುನ್ನ ತೆಗೆದಿಟ್ಟ ಬೆಂದ ಬೇಳೆಯನ್ನು ಹಾಕಬಹುದು. ದೇಹ ಚಿಕ್ಕದಾದಷ್ಟೂ ಅಲ್ಪ ಪ್ರಮಾಣವೂ ಹೆಚ್ಚು ಹಾನಿ ಮಾಡುತ್ತದೆ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಮನುಷ್ಯರ ಜ್ವರ, ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು.

ಮರಿಯ ಆಯ್ಕೆ ಮತ್ತು ಕಾನೂನು

ಪ್ರಾಣಿಹಿಂಸೆ ತಡೆ ಕಾಯ್ದೆ, 1960ರ ಅಡಿಯಲ್ಲಿ ರೂಪಿಸಲಾದ 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ, ಎಂಟು ವಾರ ತುಂಬದ ಮರಿಗಳನ್ನು ಮಾರುವಂತಿಲ್ಲ. ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ತಾಯಿಯಿಂದ ಬೇಗನೆ ಅಗಲಿಸಿದ ಮರಿಗಳು ರೋಗಕ್ಕೆ ಸುಲಭವಾಗಿ ತುತ್ತಾಗುತ್ತವೆ ಮತ್ತು ಬೆಳೆದ ಮೇಲೆ ಅಂಜಿಕೆ, ಕಚ್ಚುವ ಚಾಳಿಗಳನ್ನು ತೋರಿಸುತ್ತವೆ.

ಮರಿಯನ್ನು ಆರಿಸುವಾಗ ತಾಯಿ ನಾಯಿಯನ್ನು ನೋಡುವುದು ಒಳ್ಳೆಯದು. ತಾಯಿಯ ಗಾತ್ರದಿಂದ ಮರಿಯು ಪಮೇರಿಯನ್ನೋ ಸ್ಪಿಟ್ಜೋ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ತಿಳಿಯಾದ ಕಣ್ಣು, ಒದ್ದೆಯಾದ ಮೂಗು, ಗುಲಾಬಿ ಬಣ್ಣದ ಒಸಡು, ಲವಲವಿಕೆಯ ನಡಿಗೆ ಆರೋಗ್ಯದ ಗುರುತುಗಳು. ಲಸಿಕೆಯ ಚೀಟಿಯನ್ನು ಕೇಳಿ ಪಡೆಯಬೇಕು. ಸಾಕಿದ ನಾಯಿಯನ್ನು ರೋಗ ಅಥವಾ ಮುಪ್ಪಿನ ಕಾರಣಕ್ಕೆ ಬೀದಿಗೆ ಬಿಡುವುದು ಇದೇ ಕಾಯ್ದೆಯಡಿ ಅಪರಾಧ. ಮನೆಯಲ್ಲಿ ಬೆಳೆದ ಸ್ಪಿಟ್ಜ್ ನಾಯಿಯು ಬೀದಿಯಲ್ಲಿ ಆಹಾರ ಹುಡುಕಿಕೊಳ್ಳಲಾರದು. ಬಿಸಿಲು ಮತ್ತು ಇತರ ನಾಯಿಗಳ ದಾಳಿಯಿಂದ ಬಹುಬೇಗ ಸಾಯುತ್ತದೆ. ಹತ್ತು ಹದಿನಾಲ್ಕು ವರ್ಷಗಳ ಹೊಣೆಯನ್ನು ಹೊರಲು ಸಿದ್ಧರಿರುವ ಕುಟುಂಬಗಳು ಮಾತ್ರ ಈ ತಳಿಯನ್ನು ಸಾಕುವುದು ಯುಕ್ತ.